ನೀರುಗಂಟಿಯ ದೋಣಿಗೆ ಐದು ಶೆಲ್ಲು

ಚಾರ್ಜು ಮಾಡುವ ಬ್ಯಾಟರಿ ಶೆಲ್ಲುಗಳನ್ನು ಹೇಗೆ ಆರಿಸಬೇಕೆಂದು ನನಗೆ ಕಲಿಸಿದವನು ನನ್ನಪ್ಪ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ನಾನಾದರೋ ಹುಣಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ವಿದ್ಯುತ್ತಿನ ಪಾಠ ಒಪ್ಪಿಸುವವನು. ಈ ಸತ್ಯವನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಈಗಲೂ ನಗುನಗುತ್ತಾ ಒಪ್ಪಿಕೊಳ್ಳುತ್ತಿದ್ದೇನೆಂದು ಯಾರೂ ತಿಳಿಯಬೇಕಾಗಿಲ್ಲ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು. ಹಾರನಹಳ್ಳಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಮೊದಲು ಕೆರೆ ಏರಿ ಸಿಗುತ್ತದೆ, ಆಮೇಲೆ ಊರು. ಅಪ್ಪ ಆ ಕೆರೆಯ ನೀರುಗಂಟಿ. ತೂಬನ್ನು ಯಾವತ್ತು ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ಮುಚ್ಚಬೇಕು ಎಂದು ತೀರ್ಮಾನಿಸುವ ಕೆಲಸ ಅದು. ನಲವತ್ತು ವರ್ಷ ಮಾಡಿದ. ಊರಿನ ಅರ್ಧ ಜನ ಅವನನ್ನು ಬೈದುಕೊಂಡೇ ಉಂಡರು, ಇನ್ನರ್ಧ ಜನ ಉಂಡ ಮೇಲೆ ಬೈದರು. ಅವನಿಗೆ ಎರಡು ಕಡೆಯವರ ಮೇಲೂ ಪ್ರೀತಿಯಿತ್ತು.

ಕೆರೆ ತುಂಬಿದ ವರ್ಷ ಮೊದಲ ಸಲ ತೂಬು ತೆಗೆಯುವ ಮುಂಚೆ ನಮ್ಮಲ್ಲಿ ಒಂದು ಪದ್ಧತಿ. ಏರಿಯಿಂದ ನಲವತ್ತು ಮಾರು ಒಳಗೆ, ನೀರಿನ ನಡುವೆ, ಹಳೇ ತೂಬಿನ ಕಲ್ಲುಕಂಬ ನಿಂತಿದೆ. ನೀರುಗಂಟಿ ಗಂಗಮ್ಮನಿಗೆಂದು ಅರಿಶಿನ ಕುಂಕುಮ ಹೂವನ್ನು ಬಾಳೆದೊನ್ನೆಯಲ್ಲಿಟ್ಟುಕೊಂಡು ಈಜಿ ಹೋಗಿ, ಆ ಕಂಬವನ್ನು ಮೂರು ಸುತ್ತು ಸುತ್ತಿ ಬರಬೇಕು. ದಡಕ್ಕೆ ಬಂದು ತಲೆ ಒರೆಸಿಕೊಂಡ ಮೇಲೆಯೇ ತೂಬು ತೆಗೆಯುವುದು. ಚಿಕ್ಕಂದಿನಲ್ಲಿ ನಾನು ಏರಿ ಮೇಲೆ ನಿಂತು, ಒಂದು ಕೈಯಲ್ಲಿ ದೊನ್ನೆ ಎತ್ತಿ ಹಿಡಿದು ಈಜುವ ಅಪ್ಪನನ್ನು ನೋಡುತ್ತಿದ್ದೆ. ಅವತ್ತು ಒಂದು ದಿನ ಊರಿನಲ್ಲಿ ಯಾರೂ ಅವನನ್ನು ಬೈಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಒಂದು ಸಂಕ್ರಾಂತಿ ಮುಗಿದ ವಾರಕ್ಕೆ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಉಳಿಯಿತು, ಬಲಗೈ ಉಳಿಯಿತು. ನೀರುಗಂಟಿ ಕೆಲಸ ಚಿಕ್ಕಪ್ಪನ ಮಗನ ಪಾಲಿಗೆ ಹೋಯಿತು. ಒಳ್ಳೆಯ ಹುಡುಗ, ಲೆಕ್ಕ ಬರುತ್ತಿತ್ತು, ಜಗಳ ಬಿಡಿಸಲು ಬರುತ್ತಿತ್ತು, ಈಜಲು ಮಾತ್ರ ಬರುತ್ತಿರಲಿಲ್ಲ. ಮೊಣಕಾಲುದ್ದ ನೀರು ಕಂಡರೆ ದೇವರ ಹೆಸರು ಹೇಳುತ್ತಿದ್ದ.

ನಮ್ಮ ಮನೆಯ ಮುಂಬಾಗಿಲಿನಿಂದ ಏರಿ ಕಾಣುತ್ತದೆ. ಅಪ್ಪ ಕುರ್ಚಿಯನ್ನು ನಡುಮನೆಯೊಳಕ್ಕೆ ಹಾಕಿಸಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ರಾಗಿ ತುಂಬಿಡುವ ಮಣ್ಣಿನ ವಾಡೆಯನ್ನು ನೋಡುತ್ತಾ ಕೂತುಬಿಟ್ಟ. ಹೊರಗೆ ಬಾ ಎಂದರೆ, "ಯಾಕೆ, ಓಗೋರು ಬರೋರೆಲ್ಲ ಅಯ್ಯೋ ಪಾಪ ಅನ್ಲಿ ಅಂತ್ಲಾ?" ಎನ್ನುತ್ತಿದ್ದ. ಮೂರು ತಿಂಗಳು ಹೊಸಲು ದಾಟಲಿಲ್ಲ. ಅವ್ವ ನನ್ನ ಹತ್ತಿರ ಅತ್ತಳು, ನಾನು ಅಪ್ಪನ ಮೇಲೆ ರೇಗಿದೆ. ನನಗೆ ದುಃಖವಾದರೆ ಅದು ಕೋಪದ ವೇಷ ಹಾಕಿಕೊಂಡೇ ಬರುತ್ತದೆ.

ಅಂಥ ಮನೆಯಲ್ಲಿ ಬೇಸಿಗೆ ರಜೆಗೆ ಬಂದು ನಾನು ಮಾಡಿದ್ದೇನು? ಆಟದ ದೋಣಿ. ಆಟದ್ದು ಎಂದು ಆಗ ಯಾರಾದರೂ ಅಂದಿದ್ದರೆ ಜಗಳ ಕಾಯುತ್ತಿದ್ದೆ. ಮಿಲಿಟರಿಯಲ್ಲಿದ್ದ ಭಾವ ಎಲ್ಲಿಂದಲೋ ತಂದುಕೊಟ್ಟ ರೇಡಿಯೋ ಕಂಟ್ರೋಲಿನ ಸಾಮಾನು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಹಾಲುವಾಣದ ಹಗುರ ಮರ ಕೊರೆದು ಎರಡು ಮೊಳದ ದೋಣಿ ಮಾಡಿದೆ. ಅದರ ಹೊಟ್ಟೆಯಲ್ಲಿ ಎರಡು ಬ್ಯಾಟರಿ. ದೊಡ್ಡದು ಮೋಟಾರಿಗೆ. ಚಿಕ್ಕದು ರಿಸೀವರಿಗೆ. ರಿಸೀವರ್ ಅಂದರೆ ದೋಣಿಯ ಕಿವಿ. ದಡದಲ್ಲಿ ನಿಂತವನ ಕೈಯ ಪೆಟ್ಟಿಗೆ ಹೇಳಿದ್ದನ್ನು ಕೇಳಿಸಿಕೊಂಡು ಚುಕ್ಕಾಣಿ ತಿರುಗಿಸುವ, ವೇಗ ಹೆಚ್ಚುಕಮ್ಮಿ ಮಾಡುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಮೋಟಾರಿನ ಬ್ಯಾಟರಿ ಮುಗಿದರೆ ದೋಣಿ ನಿಲ್ಲುತ್ತದೆ, ಅಷ್ಟೆ. ಕಿವಿಯ ಬ್ಯಾಟರಿ ಮುಗಿದರೆ ದೋಣಿ ನಿಲ್ಲುವುದಿಲ್ಲ. ಹೇಳಿದ ಮಾತು ಕೇಳುವುದನ್ನು ನಿಲ್ಲಿಸುತ್ತದೆ.

ಇದು ನನಗೆ ಗೊತ್ತಾದದ್ದು ಮೊದಲ ದಿನವೇ. ಕಿವಿಗೆ ನಾಲ್ಕು ಮಾಮೂಲಿ ಶೆಲ್ಲು ಬೇಕಿತ್ತು. ಕಿಟಕಿಯಲ್ಲಿ ನಾಲ್ಕು ಕಂಡವು, ತೆಗೆದು ಹಾಕಿದೆ. ಹೊಳೆಯುತ್ತಿದ್ದವು. ಯಾಕೆ ಹೊಳೆಯುತ್ತಿದ್ದವೆಂದರೆ ಅವ್ವ ಅವನ್ನು ಸೆರಗಿನಲ್ಲಿ ಒರೆಸಿ ಒಂದು ವಾರ ಬಿಸಿಲಿಗಿಟ್ಟಿದ್ದಳು. ನಮ್ಮ ಕಡೆ ಇದು ಮನೆಮನೆಯ ವಿದ್ಯೆ. ಟಾರ್ಚಿನ ಶೆಲ್ಲು ಸತ್ತರೆ ಬಿಸಿಲಿಗಿಡಬೇಕು, ಎರಡು ದಿನ ಮತ್ತೆ ಉರಿಯುತ್ತದೆ, ಮತ್ತೆ ಇಡಬೇಕು. ಶೆಲ್ಲು ಒಡೆದು ಕಪ್ಪು ರಸ ಸುರಿದ ಮೇಲೆಯೇ ಅದಕ್ಕೆ ಮುಕ್ತಿ.

ದೋಣಿ ಚೆನ್ನಾಗಿಯೇ ಹೊರಟಿತು. ಬಲಕ್ಕೆ ತಿರುಗಿಸಿದೆ, ತಿರುಗಿತು. ನೇರ ಮಾಡಿದೆ, ಆಗಲಿಲ್ಲ. ಬಲಕ್ಕೇ ತಿರುಗುತ್ತಾ ಹೋಯಿತು, ಗಾಣದೆತ್ತಿನ ಹಾಗೆ ಒಂದೇ ಜಾಗದಲ್ಲಿ ಸುತ್ತತೊಡಗಿತು, ಪೂರ್ತಿ ವೇಗದಲ್ಲಿ. ನೀರಿನಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ದಿಕ್ಕಾಪಾಲಾದವು. ನಾನು ದಡದಲ್ಲಿ ನಿಂತು ಪೆಟ್ಟಿಗೆಯ ಹಿಡಿಗಳನ್ನು ತಿರುವುತ್ತಿದ್ದೆ. ಎಮ್ಮೆ ಕಾಯುವ ಮುದುಕಿಯೊಬ್ಬಳು ಸಮಾಧಾನ ಹೇಳಿದಳು: "ಮೇಷ್ಟ್ರೆ, ಸುಮ್ಕಿರಿ. ಅದ್ಕೆ ಸುಸ್ತಾದ್ರೆ ತಾನೇ ನಿಂತ್ಕತದೆ." ಹಾಗೆಯೇ ಆಯಿತು. ಮೋಟಾರು ಸುಸ್ತಾಗಿ ದೋಣಿ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಪ್ಯಾಂಟು ಕಳಚಿಟ್ಟು ಈಜಿ ತಂದೆ.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಒದ್ದೆ ಚಡ್ಡಿಯಲ್ಲಿ ದೋಣಿ ಹೊತ್ತು ಒಳಗೆ ಬಂದಾಗ ಅಪ್ಪ ರಾಗಿ ವಾಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ: "ಎಮ್ಮೆಗಳು ಚೆನ್ನಾಗವ್ವೇನ್ಲಾ?"

ಹೇಳಿ ನಕ್ಕ. ಒಂದು ಕಡೆ ಬಾಯಿ ಮಾತ್ರ ನಗುತ್ತಿತ್ತು, ಆದರೆ ಭುಜ ಕುಲುಕುವಷ್ಟು ನಗು. ಸಂಕ್ರಾಂತಿಯಿಂದ ಈಚೆಗೆ ಅವನು ನಕ್ಕದ್ದು ಅದೇ ಮೊದಲು. ಅವ್ವ ಅಡುಗೆಮನೆಯಿಂದ ಓಡಿ ಬಂದು, ಏನಾಯಿತೋ ಎಂದು ಗಾಬರಿಯಾಗಿ ನೋಡಿದಳು. ನನಗೆ ಅವಮಾನವೂ ಆಯಿತು, ಕಣ್ಣೂ ತುಂಬಿತು.

ನಗು ನಿಂತ ಮೇಲೆ ಅಪ್ಪ ದೋಣಿಯನ್ನು ಮಡಿಲಿಗೆ ಇಡಿಸಿಕೊಂಡು ಬಲಗೈಯಲ್ಲಿ ಸವರಿದ. "ಕಂಬ ಸುತ್ತಿ ಬತ್ತದಾ ಇದು?" ಎಂದ.

"ಯಾಕೆ ಬರಲ್ಲ?"

"ಮೂರು ಸುತ್ತು. ದೊನ್ನೆ ಒತ್ಕಂಡು. ಈ ಸಲ ಕೆರೆ ತುಂಬುದ್ರೆ, ಆ ಒಸ ನೀರುಗಂಟಿ ನನ್ಮಗ ನೀರಿಗಿಳಿಯಕಿಲ್ಲ, ನೀರುಗಂಟಿ ಅಲ್ದೋರು ಸುತ್ತಂಗಿಲ್ಲ. ಪದ್ಧತಿ ನಿಂತೋಯ್ತದೆ." ಬಲಗೈ ಎತ್ತಿ ತೋರಿಸಿ ಸೇರಿಸಿದ: "ನಾನು ನಡೆಸ್ತೀನಿ. ಒಂದು ಕೈ ಅದೆಯಲ್ಲ."

"ಬರ್ತೀಯಾ ಏರಿ ಮೇಲಕ್ಕೆ?"

"ಬತ್ತೀನಿ. ಆದ್ರೆ ಒಂದ್ ಮಾತು ಕಣ್ಲಾ. ಊರೋರ ಮುಂದೆ ಇದು ಎಮ್ಮೆ ಓಡ್ಸುದ್ರೆ, ನಾನು ಇನ್ನು ಈ ಹೊಸ್ಲು ದಾಟಕಿಲ್ಲ. ಈಗ್ಲೇ ಯೋಳಿವ್ನಿ."

ಅಪ್ಪ ಹೇಳಿದ್ದನ್ನು ಮಾಡುವವನು. ಹಾಗಾಗಿ ಕಿವಿಯ ಬ್ಯಾಟರಿಯೊಂದು ಆ ಮನೆಯ ಅತಿ ದೊಡ್ಡ ವಿಷಯವಾಯಿತು.

ಬಿಸಿಲಲ್ಲಿ ಒಣಗಿಸಿದ ಶೆಲ್ಲಿನ ಸಹವಾಸ ಸಾಕು, ಚಾರ್ಜು ಮಾಡುವಂಥದ್ದೇ ಬೇಕು ಎಂದು ಮೈಸೂರಿಗೆ ಹೋದೆ. ಅಲ್ಲಿ ರೇಡಿಯೋ ಬಿಡಿಭಾಗ ಮಾರುವ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಹಸಿರು ಹೊದಿಕೆಯದು, ಕಾರ್ಡ್‌ಲೆಸ್ ಫೋನಿಗೆ ಹಾಕುವ ಹಳೇ ನಿಕ್ಕಲ್ ಕ್ಯಾಡ್ಮಿಯಂ. ಮೇಲೆ 700 ಎಂದು ಬರೆದಿತ್ತು. ಇನ್ನೊಂದು ನೀಲಿ, ಹೊಸದಾಗಿ ಬಂದ ಮೆಟಲ್ ಹೈಡ್ರೈಡು. ಅದರ ಮೇಲೆ ದಪ್ಪ ಅಕ್ಷರದಲ್ಲಿ 1800. ಕಂಪನಿ ಹೆಸರು ಎಂದೂ ಕೇಳಿದ್ದಲ್ಲ. ಗಾತ್ರ ಒಂದೇ, ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ನನ್ನ ಮನಸ್ಸು ಆಗಲೇ ನೀಲಿಯ ಪಾಲಾಗಿತ್ತು. ಆದರೂ ಎರಡನ್ನೂ ಕೊಂಡೆ, ಅಪ್ಪನೆದುರು ಹಸಿರನ್ನು ಸೋಲಿಸಿ ತೋರಿಸುವುದಕ್ಕೆ. ಈ ಶೆಲ್ಲುಗಳಲ್ಲಿ ವೋಲ್ಟು ಮಾಮೂಲಿಗಿಂತ ಕಡಿಮೆ, ಅದಕ್ಕೆ ನಾಲ್ಕರ ಬದಲು ಐದೈದು ತೆಗೆದುಕೊಂಡೆ. ಸ್ಪ್ರಿಂಗಿನ ಡಬ್ಬಿಯಲ್ಲಿ ಹಾಕಿದರೆ ದೋಣಿ ಅಲುಗಾಡಿದಾಗ ಸಡಿಲವಾಗುತ್ತದೆಂದು ಒಂದಕ್ಕೊಂದು ಬೆಸುಗೆ ಹಾಕಿಸಿ ಎರಡು ಕಟ್ಟು ಮಾಡಿಸಿದೆ.

ಅಪ್ಪನಿಗೆ ನಾನು ಪಾಠ ಶುರುಮಾಡಿದೆ. ಕೈಯಲ್ಲಿ ಸೀಮೆಸುಣ್ಣವೊಂದು ಇರಲಿಲ್ಲ, ಉಳಿದೆಲ್ಲ ಇತ್ತು. ಅವನು ಅರ್ಧಕ್ಕೇ ತಡೆದ.

"ಇದು ಒಂದು ಕೆರೆ ಅನ್ನು."

"ಅನ್ನಬಹುದು."

"ಆ ಅಂಕಿ, ಕೆರೆ ಎಷ್ಟು ನೀರು ಇಡೀತದೆ ಅಂತ."

"ಹೂಂ."

"ಯಾವನು ಬರ್ದ ಅದ?"

ಕಂಪನಿಯವರು ಎಂದೆ. ಅಪ್ಪ ಕಣ್ಣು ಚಿಕ್ಕದು ಮಾಡಿದ. "ನಮ್ ಕೆರೇನೂ ಕಾಗ್ದದಲ್ಲಿ ಅರವತ್ತು ಎಕರೆ ಕಣ್ಲಾ. ಒಳಗೆ ಊಳು ಎಷ್ಟದೆ ಅಂತ ನಂಗೊತ್ತು."

ನಾನು ನಕ್ಕುಬಿಟ್ಟೆ. ಪರೀಕ್ಷೆ ಮಾಡೋಣ ಎಂದೆ. ಎರಡನ್ನೂ ಚಾರ್ಜು ಮಾಡಿ, ಒಂದೊಂದಕ್ಕೂ ಟಾರ್ಚಿನ ಬಲ್ಬು ಕಟ್ಟಿ, ಅಪ್ಪನ ಮುಂದೆ ಗಡಿಯಾರವಿಟ್ಟೆ. ಹಸಿರಿನ ಬಲ್ಬು ಎರಡೂ ಮುಕ್ಕಾಲು ಗಂಟೆಗೆ ಕೆಂಪಾಯಿತು. ನೀಲಿಯದು ಇನ್ನೊಂದು ಗಂಟೆ ಹೆಚ್ಚಿಗೆ ಉರಿಯಿತು. ನೋಡಿದೆಯಾ ಎಂದೆ.

"ನೋಡ್ದೆ. ಎರಡೂವರೆ ಪಟ್ಟು ಅಂತ ಬರ್ದವ್ನೆ, ಒಂದೂವರೆ ಪಟ್ಟೂ ಉರೀನಿಲ್ಲ."

ಈ ಲೆಕ್ಕ ನನಗೆ ಹೊಳೆದಿರಲಿಲ್ಲ ಎಂದು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಹೆಚ್ಚು ಹೆಚ್ಚೇ ಅಲ್ಲವೇ ಎಂದು ವಾದಿಸಿದೆ. ಅಪ್ಪ ತಲೆಯಾಡಿಸಿದ. ಕೆರೆ ತುಂಬಿದ ದಿನ ತೂಬು ತೆಗೆದು ಮೆರೆಯುವುದು ದೊಡ್ಡದಲ್ಲ, ತೂಬು ಮುಚ್ಚಿ ಇಪ್ಪತ್ತು ದಿನ ಬಿಟ್ಟು ನೀರಿನ ಗುರುತು ನೋಡಬೇಕು, ಏರಿ ಸೋರುವುದು ಆಗ ತಿಳಿಯುತ್ತದೆ ಎಂದ. ಅವನ ಮಾತಿನಲ್ಲಿ ಇನ್ನೂ ಒಂದು ನ್ಯಾಯವಿತ್ತು. ನಮ್ಮೂರಿಗೆ ಕರೆಂಟು ಯಾವಾಗ ಬರುತ್ತದೆಂದು ತಿಳಿಯುವುದು ಅದು ಬಂದ ಮೇಲೆ. ಬೇಕಾದ ದಿನ ಬೆಳಿಗ್ಗೆ ಚಾರ್ಜು ಮಾಡಿಕೊಳ್ಳುತ್ತೇನೆ ಎನ್ನುವವನು ಬೇರೆ ಊರಿನಲ್ಲಿ ಹುಟ್ಟಬೇಕು. ಮತ್ತೆ ಎರಡನ್ನೂ ತುಂಬಿಸಿ ಕಿಟಕಿಯ ಗೂಡಿನಲ್ಲಿಟ್ಟು, ಯಾರೂ ಮುಟ್ಟಬಾರದೆಂದು ಆಜ್ಞೆ ಹೊರಡಿಸಿದೆ.

ಇಪ್ಪತ್ತೊಂದನೆಯ ದಿನ ಬಲ್ಬು ಕಟ್ಟಿದೆ. ಅವ್ವ ಎದುರಿಗೆ ಕೂತು ರಾಗಿ ಕೇರುತ್ತಿದ್ದಳು. ಎರಡನೇ ಮೊರ ಮುಗಿಯುವ ಮುಂಚೆ ನೀಲಿಯ ಬಲ್ಬು ಕೆಂಪಾಗಿ, ಮಂಕಾಗಿ, ಆರಿಯೇ ಹೋಯಿತು. ಹಸಿರಿನದು ಉರಿಯುತ್ತಲೇ ಇತ್ತು. ರಾಗಿ ಮುಗಿಯಿತು, ಊಟವಾಯಿತು, ಇನ್ನೂ ಉರಿಯುತ್ತಿತ್ತು.

ಅವ್ವನಿಗೆ ನೀಲಿಯ ಬಗ್ಗೆ ಬಹಳ ಬೇಸರವಾಯಿತು. "ಅಯ್ಯೋ, ಎರಡ್ನೂ ಒಂದೇ ಸಮ ಇಕ್ಕಿದ್ನಲ್ಲಪ್ಪ," ಎಂದಳು.

"ಎಲ್ಲಿಗೆ ಇಕ್ಕಿದ್ದೆ?"

"ಬಿಸ್ಲಿಗೆ. ದಿನಾ. ಅಪ್ಳದ ತಗಡಿನ ಮೇಲೆ. ಸಂದೇಗೆ ನೀನು ಬರಾ ಒತ್ಗೆ ತಿರ್ಗಾ ಗೂಡಿಗೆ ಇಕ್ತಿದ್ದೆ."

ಇಪ್ಪತ್ತೊಂದು ದಿನ. ಮೇ ತಿಂಗಳ ಬಿಸಿಲು. ಸುಡುವ ತಗಡು. ಪಾಪ, ಶೆಲ್ಲು ಸುಮ್ಮನೆ ಕೂತಿವೆ, ಒಂದಿಷ್ಟು ಶಕ್ತಿ ಬರಲಿ, ಯಜಮಾನರು ಹೊಸಲು ದಾಟುವ ಹಾಗಾಗಲಿ ಎಂದು ಅವಳ ಆಸೆ. ನಾನು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಬಿಸಿಲಲ್ಲಿ ಈ ಶೆಲ್ಲು ಇನ್ನೂ ಬೇಗ ಸೋರುತ್ತದೆ, ಪರೀಕ್ಷೆ ಹಾಳಾಯಿತು, ಮೂರು ವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದೆ. ಅವ್ವ ಸೆರಗಿನ ತುದಿ ಹಿಡಿದುಕೊಂಡು ನಿಂತಳು.

"ಅವಳ ಮೇಲ್ಯಾಕ್ಲಾ ಆರಾಡ್ತೀಯೆ," ಎಂದ ಅಪ್ಪ. "ಏರಿ ಮೇಲೇನು ಚಪ್ಪರ ಆಕವ್ರಾ? ಅವತ್ತು ದೋಣಿ ಕೂರೋದೂ ಬಿಸ್ಲಲ್ಲೇ. ಪರೀಕ್ಸೆ ಮಾಡ್ದೋಳು ಅವ್ಳು. ನೀನು ಬರೀ ಬಲ್ಬ್ ಕಟ್ದೆ."

ಹಸಿರು ಕಟ್ಟು ಗೆದ್ದಿತು. ಅಪ್ಪ ಇನ್ನೊಂದು ಷರತ್ತು ಹಾಕಿದ. ಕೆರೆಯನ್ನು ಯಾವತ್ತೂ ತಳ ಕಾಣುವವರೆಗೆ ಬಸಿಯಬಾರದು, ಕೊನೆಯ ಒಂದು ಮೊಳ ದನಕ್ಕೆ, ಮೀನಿಗೆ. ಶೆಲ್ಲೂ ಹಾಗೆಯೇ, ಉಳಿಸಿಕೊಂಡೇ ದಡಕ್ಕೆ ಬರಬೇಕು.

ಶ್ರಾವಣದಲ್ಲಿ ಕೆರೆ ಕೋಡಿ ಬಿತ್ತು. ತೂಬು ತೆಗೆಯುವುದು ಭಾನುವಾರ ಎಂದು ಊರಿನಲ್ಲಿ ತೀರ್ಮಾನವಾಯಿತು. ಬುಧವಾರ ಗಾಳಿಗೆ ಕರೆಂಟಿನ ಕಂಬ ಉರುಳಿ ಊರೆಲ್ಲ ಕತ್ತಲಾಯಿತು. ಮೋಟಾರಿನ ಬ್ಯಾಟರಿಯನ್ನು ನಾನು ಹುಣಸೂರಿನಿಂದ ತುಂಬಿಸಿಕೊಂಡು ಬಂದೆ. ಹಸಿರು ಕಟ್ಟನ್ನು ಅಪ್ಪ ಮಂಗಳವಾರವೇ ತುಂಬಿಸಿ ಮನೆಯ ಗೂಡಿನಲ್ಲಿ ಇಡಿಸಿದ್ದ. ಅದರ ಪಕ್ಕ ಹೋದಾಗಲೆಲ್ಲ ಅವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಭಾನುವಾರ ಅಪ್ಪನನ್ನು ಕುರ್ಚಿಯ ಸಮೇತ ನಾನೂ ಚಿಕ್ಕಪ್ಪನ ಮಗನೂ ಹೊತ್ತು ಏರಿಗೆ ತಂದೆವು. ಅಪ್ಪ ದಾರಿಯುದ್ದಕ್ಕೂ ನೆಲ ನೋಡುತ್ತಿದ್ದ. ಮಳೆ ಬಿಟ್ಟ ಮೇಲಿನ ಚುರುಗುಟ್ಟುವ ಬಿಸಿಲು. ಎಂಟು ಗಂಟೆಗೆ ಎಂದವರು ಸೇರುವಾಗ ಹನ್ನೊಂದಾಯಿತು. ದೋಣಿ ಬಿಸಿಲಲ್ಲಿ ಕಾಯುತ್ತಿತ್ತು. ನೀಲಿಯನ್ನಾದರೂ ಜೇಬಿನಲ್ಲಿಟ್ಟುಕೊಂಡು ಬರಬೇಕಿತ್ತೇ ಎಂದುಕೊಂಡೆ, ಅದು ಗೂಡಿನಲ್ಲಿ ಸತ್ತು ಮಲಗಿರುವುದು ಗೊತ್ತಿದ್ದೂ.

ಪೆಟ್ಟಿಗೆಯಲ್ಲಿ ಎರಡು ಹಿಡಿ. ಎಡಗಡೆಯದು ವೇಗಕ್ಕೆ, ಬಲಗಡೆಯದು ಚುಕ್ಕಾಣಿಗೆ. ಅಪ್ಪನ ಬಲ ಹೆಬ್ಬೆರಳು ಚುಕ್ಕಾಣಿಯ ಮೇಲೆ ಬಂತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ನನ್ನ ಎಡ ಹೆಬ್ಬೆರಳನ್ನು ವೇಗದ ಮೇಲೆ ಇಟ್ಟೆ. ಇಬ್ಬರಿಗೂ ಸೇರಿ ಒಬ್ಬ ಮನುಷ್ಯನ ಕೈಗಳಾದವು.

"ಮೇಷ್ಟ್ರೆ, ನಿಧಾನ," ಎಂದ ಅಪ್ಪ.

ದೋಣಿ ದೊನ್ನೆ ಹೊತ್ತು ಹೊರಟಿತು. ಎಮ್ಮೆ ಕಾಯುವ ಮುದುಕಿ ತನ್ನ ಎಮ್ಮೆಗಳನ್ನು ಮುಂಚೆಯೇ ದಡಕ್ಕೆ ಎಬ್ಬಿಸಿಕೊಂಡು ನಿಂತಿದ್ದಳು. ಕಂಬದ ಹತ್ತಿರ ಹೋದಂತೆ ಅಪ್ಪನ ಹೆಬ್ಬೆರಳು ಒಂದಿಷ್ಟೇ ಸರಿಯಿತು, ದೋಣಿ ಬಾಗಿತು. ಒಂದು ಸುತ್ತು. ಎರಡು ಸುತ್ತು. ಆ ಕಂಬದ ಯಾವ ಮಗ್ಗುಲಲ್ಲಿ ನೀರು ಸೆಳೆಯುತ್ತದೆ, ಎಲ್ಲಿ ಕಲ್ಲು ಮುಳುಗಿದೆ ಎಂದು ಅವನ ಬೆರಳಿಗೆ ಗೊತ್ತಿತ್ತು. ಮೂರನೆಯದೂ ಮುಗಿಯಿತು. ಜನ ಉಸಿರು ಬಿಟ್ಟರು. ನಾನು ದೋಣಿ ದಡಕ್ಕೆ ತಿರುಗುವುದನ್ನು ಕಾದೆ.

ತಿರುಗಲಿಲ್ಲ. ಮತ್ತೆ ಕಂಬದ ಕಡೆಗೇ ಬಾಗಿತು. ಕಿವಿ ಹೋಯಿತು ಎಂದುಕೊಂಡು ವೇಗ ಇಳಿಸಲು ಹೋದೆ.

"ಇಳಿಸ್ಬ್ಯಾಡ," ಎಂದ ಅಪ್ಪ ಮೆಲ್ಲಗೆ. ನೋಡಿದರೆ ಅವನ ಹೆಬ್ಬೆರಳೇ ತಿರುಗಿಸುತ್ತಿತ್ತು.

"ಅಪ್ಪ, ಮೂರಾಯ್ತು."

"ಮೂರು ಗಂಗಮ್ಮಂದು ಕಣ್ಲಾ. ಇದು ನಂದು."

ನಾನು ಪೂರ್ತಿ ವೇಗ ಕೊಟ್ಟೆ. ದೋಣಿ ನೀರು ಸೀಳಿಕೊಂಡು ಕಂಬವನ್ನು ದೊಡ್ಡದಾಗಿ ಸುತ್ತಿತು. ನನಗೆ ಏನೂ ಕಾಣಿಸುತ್ತಿರಲಿಲ್ಲ, ಕಣ್ಣಲ್ಲಿ ನೀರು ತುಂಬಿತ್ತು. ದಡ ಮುಟ್ಟಿದ್ದು ಜನರ ಗದ್ದಲದಿಂದ ತಿಳಿಯಿತು. ಚಿಕ್ಕಪ್ಪನ ಮಗ ತೂಬು ತೆಗೆಯಲು ಓಡಿದ. ಅಪ್ಪ ಅವನ ಹಿಂದೆಯೇ ಕೂಗಿ ಹೇಳಿದ, ಪೂರ್ತಿ ತೆಗೀಬ್ಯಾಡ, ಅರ್ಧ ಸಾಕು, ಕಾಲುವೆ ತಡೀಯಕಿಲ್ಲ ಅಂತ. ಪಕ್ಕದಲ್ಲಿದ್ದ ಗದ್ದೆಯವನೊಬ್ಬ, ನಲವತ್ತು ವರ್ಷದಿಂದ ಇದೇ ಗೋಳು, ಯಾವತ್ತೂ ಅರ್ಧವೇ ಎಂದು ಗೊಣಗಿದ. ಅಯ್ಯೋ ಪಾಪ ಎನ್ನಲು ಯಾರಿಗೂ ನೆನಪಾಗಲಿಲ್ಲ.

ಮನೆಗೆ ಬಂದು ಹಸಿರು ಕಟ್ಟಿಗೆ ಬಲ್ಬು ಕಟ್ಟಿದೆವು. ಉರಿಯಿತು. ದನಕ್ಕೂ ಉಳಿದಿತ್ತು.

ಮಾರನೆಯ ಬೆಳಿಗ್ಗೆ ನಾನು ಹುಣಸೂರಿನ ಬಸ್ಸಿಗೆ ಹೊರಡುತ್ತಿದ್ದೆ. ಒಳ್ಳೆಯ ಬಿಸಿಲು ಬಂದಿತ್ತು. ಅವ್ವ ಮುಗ್ಗಲು ಹಿಡಿದ ಹುರುಳಿಯನ್ನು ಮೊರದಲ್ಲಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದವಳು ಗೂಡಿನ ಹತ್ತಿರ ನಿಂತು, ಹಸಿರು ಕಟ್ಟನ್ನು ಮೆಲ್ಲಗೆ ತೆಗೆದುಕೊಂಡಳು.

"ನೆನ್ನೆ ಪಾಪ ಬಾಳ ದುಡಿತು. ಒಂದೀಟು ಬಿಸ್ಲಿಗೆ ಇಕ್ಕಿ ಬತ್ತೀನಿ."

ನಾನು ಬಾಯಿ ತೆರೆಯುವ ಮುಂಚೆ ನಡುಮನೆಯಿಂದ ಅಪ್ಪನ ದನಿ ಬಂತು.

"ಅದ ಬುಡು. ನನ್ನ ಕರ್ಕಂಡೋಗಿ ಏರಿ ಮೇಲೆ ಬಿಸ್ಲಿಗೆ ಇಕ್ಕು."

ಅವ್ವ ಮೊರ ಕೆಳಗಿಟ್ಟಳು. ಬಸ್ಸು ಹೋದರೆ ಹೋಗಲಿ ಎಂದು ನಾನು ಕುರ್ಚಿಯ ಒಂದು ಕಡೆ ಹಿಡಿದೆ, ಅವಳು ಇನ್ನೊಂದು ಕಡೆ ಹಿಡಿದಳು.